ಗುರುಗಳಿಗೂ ಕಪ್ ಬೇಕಿತ್ತು

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಸೇರಿದ ಒಂದು ಕಾಲೇಜು. ಕಾಲೇಜಿನ ಹಿಂದೆ ಮಣ್ಣಿನದೊಂದು ಕಬಡ್ಡಿ ಅಂಕಣ.

ಆಶ್ರಮದ ಗುರುಗಳು ಮರುಳಯ್ಯನವರು. ಆ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು. ಮನೆ, ಜಮೀನು, ನೆಂಟರು, ಸಕ್ಕರೆ, ಹಾಸಿಗೆ ಎಲ್ಲವನ್ನೂ ಎಳೆಯ ವಯಸ್ಸಿನಲ್ಲೇ ಬಿಟ್ಟು ಬಂದವರು. ಇನ್ನು ಬಿಡಲು ಏನೂ ಉಳಿದಿಲ್ಲ ಎಂದು ಶಿಷ್ಯರು ನಂಬಿದ್ದರು. ಅವರೂ ನಂಬಿದ್ದರು.

ಶಿಷ್ಯರಲ್ಲಿ ಶಿವಮಲ್ಲು ಎಂಬ ಹುಡುಗನಿದ್ದ. ಬಿ.ಎ. ಎರಡನೇ ವರ್ಷ. ಓದಿನ ಮಾತು ಹಾಗಿರಲಿ, ಕಬಡ್ಡಿಯಲ್ಲಿ ಅವನು ದಾಳಿಗೆ ಬಂದರೆ ಎದುರಿನವರು ಅವನನ್ನು ನೋಡುವ ಮೊದಲು ತಮ್ಮ ಕಾಲುಗಳು ಎಲ್ಲಿವೆ ಎಂದು ನೋಡಿಕೊಳ್ಳುತ್ತಿದ್ದರು.

ಒಂದು ಸಂಜೆ ಪಾಠ ಮುಗಿದು ಎಲ್ಲರೂ ಎದ್ದರು. ಶಿವಮಲ್ಲು ಏಳಲಿಲ್ಲ.

“ಏನಪ್ಪ?” ಎಂದರು ಗುರುಗಳು.

“ಬುದ್ಧಿ, ಒಂದು ಟೀಮಿನೋರು ಬಂದಿದ್ರು. ಟಿವೀಲಿ ಲೀಗ್ ಬರ್ತದಲ್ಲ, ಅಲ್ಲಿ ಆಡೋ ಟೀಮು. ಕಾಲೇಜು ಬಿಟ್ಟು ಬಂದ್ಬುಡು ಅಂದ್ರು.”

“ಡಿಗ್ರಿ ಮುಗಿಸಿ ಹೋಗ್ಬೋದಲ್ಲ?”

“ಅಲ್ಲೀವರ್ಗೂ ಕಾಲು ಹಿಂಗೇ ಇರ್ತದೆ ಅಂತ ಏನು ಗ್ಯಾರಂಟಿ ಅಂತಾರೆ. ಇವತ್ತು ಕರಿಯೋರು ಆವತ್ತೂ ಕರೀತಾರೆ ಅಂತ ಏನು ಗ್ಯಾರಂಟಿ ಅಂತಾನೂ ಅಂದ್ರು.”

“ಸರಿ. ಯಾವಾಗ ಬರ್ಬೇಕಂತೆ?”

“ಈಗ್ಲೇ. ಫೈನಲ್ ಕೂಡ ಆಡಬೇಡ ಅಂದ್ರು. ಏಟು ಬಿದ್ರೆ ಕಷ್ಟ ಅಂತ.”

ಗುರುಗಳ ಕೈಯಲ್ಲಿದ್ದ ಜಪಮಾಲೆ ನಿಂತಿತು.

“ಯಾವ ಫೈನಲ್?” ಎಂದರು, ಗೊತ್ತಿಲ್ಲದವರ ಹಾಗೆ.

“ನಮ್ದೇ ಬುದ್ಧಿ. ಆಚೆದಡದ ಕಾಲೇಜಿನ ಮೇಲೆ ಇದೆಯಲ್ಲ, ಅದು.”

“ಓಹೋ, ಅದು.”

ಜಪಮಾಲೆ ಮತ್ತೆ ತಿರುಗಿತು. ಸ್ವಲ್ಪ ಬೇಗಬೇಗನೆ ತಿರುಗಿತು.

“ನಿಮ್ಮವ್ವ ಏನಂದ್ಲು?”

“ಬುದ್ಧಿಯೋರು ಹೇಳ್ದಂಗೆ ಕೇಳು ಅಂದ್ಲು.”

“ನಿನಗೇನನ್ಸುತ್ತೆ?”

“ಬೆಳಿಗ್ಗೆ ಎದ್ರೆ ಹೋಗ್ಬೇಕು ಅನ್ನಿಸ್ತದೆ. ಸಂಜೆ ಆದ್ರೆ ಬ್ಯಾಡ ಅನ್ನಿಸ್ತದೆ.”

“ಮಧ್ಯಾಹ್ನ?”

“ನಿದ್ದೆ ಬರ್ತದೆ ಬುದ್ಧಿ.”

ಗುರುಗಳು ತಲೆಯಾಡಿಸಿದರು.

“ನಾಳೆ ಬಾ,” ಎಂದರು.

ಹೊರಗೆ ನಂಜಪ್ಪ ಕಾದಿದ್ದ. ಶಿಷ್ಯರಲ್ಲೆಲ್ಲ ಹಿರಿಯ. ಗುರುಗಳು ಸೀನಿದರೂ ಅದಕ್ಕೊಂದು ಅರ್ಥ ಹೇಳಬಲ್ಲವನು.

“ಏನಂದ್ರು?”

“ನಾಳೆ ಬಾ ಅಂದ್ರು.”

ನಂಜಪ್ಪ ಕಣ್ಣು ಮುಚ್ಚಿದ. “ಆಹಾ. ‘ನಾಳೆ’ ಅಂದ್ರೆ ಭವಿಷ್ಯ. ‘ಬಾ’ ಅಂದ್ರೆ ಹೋಗಬೇಡ. ನಿನ್ನ ಭವಿಷ್ಯ ಇಲ್ಲೇ ಇದೆ ಅಂತ ಹೇಳಿದ್ದಾರೆ.”

“ಸುಮ್ನೆ ನಾಳೆ ಬಾ ಅಂದ್ರು ಕಣಣ್ಣ.”

“ಗುರುಗಳು ಸುಮ್ನೆ ಏನೂ ಅನ್ನೋದಿಲ್ಲ.”

ಮರುದಿನ ಗುರುಗಳು ಶಿವಮಲ್ಲುವನ್ನು ತೋಟಕ್ಕೆ ಕರೆದುಕೊಂಡು ಹೋದರು. ನಂಜಪ್ಪನೂ ಹಿಂದೆ ಹೋದ.

ಒಂದು ಮಾವಿನ ಮರದ ಕೆಳಗೆ ನಿಂತರು. ಕೈಗೆಟುಕುವ ಕೊಂಬೆಯಿಂದ ಹಸಿರು ಕಾಯಿಯೊಂದನ್ನು ಕಿತ್ತು ಶಿಷ್ಯನ ಕೈಗಿಟ್ಟರು.

“ಕಚ್ಚು,” ಎಂದರು.

ಶಿವಮಲ್ಲು ಕಚ್ಚಿದ.

ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು. ಮುಖ ಕಿವುಚಿಕೊಳ್ಳಲಿಲ್ಲ.

“ಇನ್ನೊಂದು ಸಲ ಕಚ್ಚು.”

ಅವನು ಇನ್ನೊಂದು ಸಲ ಕಚ್ಚಿದ. ಯಾರೂ ಹೇಳದಿದ್ದರೂ ಮೂರನೆಯ ಸಲವೂ ಕಚ್ಚಿದ.

“ಹೇಗಿದೆ?”

“ಚೆನ್ನಾಗದೆ ಬುದ್ಧಿ.”

“ಹುಳಿ?”

“ಇಲ್ಲ. ಸಿಹಿ.”

ಗುರುಗಳು ಕಾಯಿಯನ್ನು ಇಸಿದುಕೊಂಡು ತಾವೇ ಒಂದು ಚೂರು ಬಾಯಿಗೆ ಹಾಕಿಕೊಂಡರು. ಅಗಿದರು. ಮರವನ್ನು ನೋಡಿದರು.

“ಬುದ್ಧಿ,” ಎಂದ ನಂಜಪ್ಪ, ಸಹಾಯ ಮಾಡುವವನಂತೆ, “ಈ ಮರದ್ದು ಕಾಯಲ್ಲೇ ಸಿಹಿ. ಹಣ್ಣಾಗಲಿ ಅಂತ ಬಿಟ್ರೆ ಹುಳ ಬೀಳುತ್ತೆ. ಅದಕ್ಕೇ ನಾವು ಬೇಗ ಕಿತ್ತುಬಿಡ್ತೀವಿ.”

ಗುರುಗಳು ನಂಜಪ್ಪನನ್ನೂ ಸ್ವಲ್ಪ ಹೊತ್ತು ನೋಡಿದರು.

“ಹಾಗಾದ್ರೆ ಬೇಗ ಹೋಗು ಅಂತಲಾ ಬುದ್ಧಿ?” ಎಂದು ಕೇಳಿದ ಶಿವಮಲ್ಲು.

“ನಾನೆಲ್ಲಿ ಹೇಳಿದೆ? ಮಾವಿನಕಾಯಿ ತಿನ್ನು ಅಂದೆ, ತಿಂದೆ. ನಾಳೆ ಹೊಳೆ ಹತ್ರ ಬಾ.”

ಆ ರಾತ್ರಿ ನಂಜಪ್ಪನಿಗೂ ಅರ್ಥ ಹೊಳೆಯಲಿಲ್ಲ. ಸಿಹಿ ಎಂದರೆ ಮಾಯೆ ಎಂದು ಮೊದಲು ಹೇಳಿದ. ಆಮೇಲೆ ಹುಳವೇ ಮಾಯೆ ಇರಬೇಕು ಎಂದ. ಕೊನೆಗೆ ಮಲಗಿಬಿಟ್ಟ.

ಮರುದಿನ ಹೊಳೆಯಲ್ಲಿ ಅಂಬಿಗ ಬೆಳ್ಳಯ್ಯನ ಹರಿಗೋಲು ಕಾದಿತ್ತು. ಗುರುಗಳು ಹತ್ತಿ ಕೂತರು. ಶಿವಮಲ್ಲು ಎದುರಿಗೆ ಕೂತ. ಬೆಳ್ಳಯ್ಯ ಹುಟ್ಟು ಹಾಕತೊಡಗಿದ.

ಹರಿಗೋಲು ನಡುಹೊಳೆಗೆ ಬಂತು. ಗುರುಗಳು ಗಂಟಲು ಸರಿಮಾಡಿಕೊಂಡರು.

“ಶಿವಮಲ್ಲು, ನಾವೀಗ ಎಲ್ಲಿದ್ದೀವಿ?”

“ನಡುಹೊಳೇಲಿ ಬುದ್ಧಿ.”

“ದಡ ಸೇರಬೇಕು ಅನ್ನೋನು ನಡುಹೊಳೇಲಿ ಹರಿಗೋಲು ಬಿಟ್ಟು ಇಳೀತಾನಾ?”

ಶಿವಮಲ್ಲು ಯೋಚಿಸಿದ. ಉತ್ತರ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹರಿಗೋಲಿನ ತಳ ಕರಕರ ಎಂದಿತು.

ಬೆಳ್ಳಯ್ಯ ಪಂಚೆ ಎತ್ತಿ ಕಟ್ಟಿಕೊಂಡು ನೀರಿಗಿಳಿದ. ನೀರು ಅವನ ಮೊಳಕಾಲಿಗೂ ಬರಲಿಲ್ಲ.

“ಇಳೀರಿ ಬುದ್ಧಿ,” ಎಂದ. “ಮರಳು ಹತ್ಕೊಂತು. ಬ್ಯಾಸ್ಗೇಲಿ ಇಷ್ಟೇಯ. ಇಲ್ಲಿಂದ ನಡ್ಕೊಂಡು ಹೋದ್ರೇ ಬಿರ್ನೆ ಹೋಗ್ಬೋದು. ಇದ್ರಾಗೇ ಕೂತಿದ್ರೆ ಕೂತೇ ಇರ್ಬೇಕಾಯ್ತದೆ.”

ಗುರುಗಳು ಇಳಿದರು. ಶಿವಮಲ್ಲು ಅವರ ಕೈ ಹಿಡಿದುಕೊಂಡ. ಇಬ್ಬರೂ ಕಾಲಿನಲ್ಲಿ ನೀರು ಸೀಳುತ್ತಾ ಆಚೆದಡಕ್ಕೆ ನಡೆದರು.

“ಬುದ್ಧಿ,” ಎಂದ ಶಿವಮಲ್ಲು ಮೆಲ್ಲಗೆ, “ಅದೇನೋ ಕೇಳ್ತಿದ್ರಿ.”

“ಕಾಲು ನೋಡಿ ಇಡು. ಕಲ್ಲಿವೆ,” ಎಂದರು ಗುರುಗಳು.

ಆಚೆದಡದಲ್ಲಿ ಇನ್ನೊಂದು ಮಠ. ಅಲ್ಲಿನ ಸ್ವಾಮಿಗಳು ಸಿದ್ಧವೀರಯ್ಯನವರು. ಅವರೂ ಮರುಳಯ್ಯನವರೂ ಹುಡುಗರಾಗಿದ್ದಾಗ ಒಂದೇ ಪಾಠಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಆಗ ಚಾಪೆಗೆ ಜಗಳವಾಡುತ್ತಿದ್ದರು. ಈಗ ಇಬ್ಬರೂ ಸಂನ್ಯಾಸಿಗಳು. ಚಾಪೆ ಸಾಕಷ್ಟಿತ್ತು. ಅಂತರ ಕಾಲೇಜು ಕಬಡ್ಡಿಯ ಕಪ್ ಮಾತ್ರ ಒಂದೇ ಇತ್ತು. ಅದು ಬಹಳ ವರ್ಷಗಳಿಂದ ಆಚೆದಡ ಬಿಟ್ಟು ಈಚೆ ಬಂದಿರಲಿಲ್ಲ.

ದಡದ ಮೇಲೆ ನಿಂತಿದ್ದ ಸಿದ್ಧವೀರಯ್ಯನವರು ಇವರನ್ನು ನೋಡಿ ನಕ್ಕರು.

“ಏನು ಮರುಳಯ್ಯ, ಒದ್ದೆ ಕಾಲಲ್ಲಿ ಬಂದಿದ್ದೀಯ. ಬಾ, ಮಜ್ಜಿಗೆ ಕುಡಿ.”

ಮಜ್ಜಿಗೆ ಬಂತು. ಸಿದ್ಧವೀರಯ್ಯನವರ ಕಣ್ಣು ಶಿವಮಲ್ಲುವಿನ ಕಾಲುಗಳ ಮೇಲಿತ್ತು.

“ಇವನೇ ಅಲ್ವಾ ಆ ಹುಡುಗ? ಯಾವುದೋ ದೊಡ್ಡ ಟೀಮು ಕರೆದಿದೆಯಂತೆ.”

“ಹೌದು ಬುದ್ಧಿ,” ಎಂದ ಶಿವಮಲ್ಲು. “ಹೋಗ್ಲೋ ಇರ್ಲೋ ಗೊತ್ತಾಗ್ತಿಲ್ಲ.”

“ಅಯ್ಯೋ, ಇದರಲ್ಲಿ ಯೋಚನೆ ಮಾಡೋದೇನಿದೆ ಮಗ? ಹೋಗು. ಪ್ರತಿಭೆಯನ್ನ ಕಾಯಿಸಬಾರದು. ನಾಳೇನೇ ಹೊರಡು. ಬೇಕಾದ್ರೆ ನಮ್ಮ ಮಠದ ಜೀಪು ಕಳಿಸ್ತೀನಿ.”

“ಫೈನಲ್ ಆಡಿ ಹೋದ್ರೂ ಆಗುತ್ತೆ,” ಎಂದರು ಮರುಳಯ್ಯನವರು ಥಟ್ಟನೆ.

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು.

ಸಿದ್ಧವೀರಯ್ಯನವರು ಮಜ್ಜಿಗೆಯ ಲೋಟದೊಳಗೆ ಏನನ್ನೋ ಹುಡುಕಿದರು. ಮರುಳಯ್ಯನವರು ತಮ್ಮ ಲೋಟದೊಳಗೆ ಹುಡುಕಿದರು.

ಶಿವಮಲ್ಲು ಒಮ್ಮೆ ಈ ಗುರುಗಳ ಮುಖ ನೋಡಿದ, ಒಮ್ಮೆ ಆ ಗುರುಗಳ ಮುಖ ನೋಡಿದ. ಅಂಕಣದಲ್ಲಿ ಎದುರಿನವರ ಭುಜ ನೋಡಿ ಅವರು ಎತ್ತ ನುಗ್ಗುತ್ತಾರೆ ಎಂದು ಹೇಳಬಲ್ಲ ಹುಡುಗ ಅವನು. ಅವನಿಗೆ ಗೊತ್ತಾಗಿ ಹೋಯಿತು.

ವಾಪಸು ಬರುವಾಗ ಅವನು ಗುರುಗಳ ಕೈ ಹಿಡಿಯಲಿಲ್ಲ. ನಡುಹೊಳೆಯ ಮರಳದಿಬ್ಬದ ಮೇಲೆ ನಿಂತುಬಿಟ್ಟ.

“ಬುದ್ಧಿ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಕೇಳು.”

“ಪ್ರಾರ್ಥನಾ ಮಂದಿರದಲ್ಲಿ ಗೋಡೆಗೆ ಹೊಸದಾಗಿ ಒಂದು ಹಲಗೆ ಹೊಡೆಸಿದ್ರಿ. ಪುಸ್ತಕಕ್ಕೆ ಅಂದ್ರಿ.”

ಗುರುಗಳು ಪಂಚೆಯ ಅಂಚನ್ನು ಇನ್ನಷ್ಟು ಮೇಲೆತ್ತಿಕೊಂಡರು.

“ಒಂದು ಪುಸ್ತಕಾನೂ ಇಟ್ಟಿಲ್ಲ.”

“ಹೌದು.”

“ಫೈನಲ್ ಅನ್ನೋದೇ ಇಲ್ದಿದ್ರೆ ನಂಗೆ ಏನ್ ಹೇಳ್ತಿದ್ರಿ ಬುದ್ಧಿ?”

ಗುರುಗಳು ನೀರನ್ನು ನೋಡುತ್ತಾ ನಿಂತರು. ಬೆಳ್ಳಯ್ಯ ಹರಿಗೋಲನ್ನು ಮರಳಿನಿಂದ ಬಿಡಿಸಿ, ತಿರುಗಿಸಿ, ಒಂದು ಬೀಡಿ ಸೇದಿ ಮುಗಿಸಿದ. ಅಷ್ಟು ಹೊತ್ತಾಯಿತು.

“ಗೊತ್ತಿಲ್ಲ,” ಎಂದರು ಕೊನೆಗೆ.

“ಗೊತ್ತಿಲ್ವಾ?”

“ಹುಡುಕಿ ನೋಡಿದೆ ಮಗ. ಎಲ್ಲಿ ಹುಡುಕಿದ್ರೂ ಆ ಕಬಡ್ಡಿ ಕಪ್ಪೇ ಸಿಗುತ್ತೆ.”

ಶಿವಮಲ್ಲುವಿಗೆ ನಗು ಬಂತು. ಆದರೆ ಅವ್ವ ಅಷ್ಟು ನಂಬಿಕೊಂಡು ಕಳಿಸಿದ್ದಳು. ಇನ್ನು ಯಾರನ್ನು ಕೇಳಬೇಕು ಎಂದು ಅವನಿಗೆ ತಿಳಿಯಲಿಲ್ಲ.

“ನನ್ನ ಆಸೇನ ನಿನ್ನ ಕಾಲಿಗೆ ಕಟ್ಟಿಬಿಟ್ಟಿದ್ದೀನಿ,” ಎಂದರು ಗುರುಗಳು. “ಅದನ್ನ ಬಿಚ್ಚೋವರೆಗೆ ನಾನು ಹೇಳೋ ಯಾವ ಮಾತೂ ಮಾತಲ್ಲ. ಫೈನಲ್ ನೀನು ಆಡಬೇಡ.”

“ಬುದ್ಧಿ, ನಂಗೆ ಆಡೋ ಆಸೆ ಅದೆ.”

“ಅದನ್ನೂ ಬಿಚ್ಚು.”

“ನಮ್ಮ ಹುಡುಗ್ರು ಸೋತ್ರೆ?”

“ಸೋಲ್ಲಿ,” ಎಂದರು ಗುರುಗಳು. ಹಲ್ಲು ಕೀಳಿಸಿಕೊಂಡವರ ಹಾಗೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು.

ಫೈನಲ್ ಆಶ್ರಮದ ಅಂಕಣದಲ್ಲೇ ನಡೆಯಿತು. ಎರಡು ದಡದ ಜನರೂ ಸೇರಿದ್ದರು. ಶಿವಮಲ್ಲು ಆಡುವುದಿಲ್ಲ ಎಂದು ಗುರುಗಳು ಹೇಳಿದಾಗ ಆಟದ ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಯಾರೋ ನೀರು ತಂದುಕೊಟ್ಟರು.

“ಯಾಕೆ ಬುದ್ಧಿ?” ಎಂದು ಕೇಳಿದರು ಮೇಷ್ಟ್ರು, ನೀರು ಕುಡಿದು.

“ಅವನ ಕಾಲು ಚೆನ್ನಾಗಿದೆ. ನನ್ನದು ಸರಿ ಇಲ್ಲ,” ಎಂದರು ಗುರುಗಳು.

ಮೇಷ್ಟ್ರು ಗುರುಗಳ ಪಾದಗಳನ್ನು ನೋಡಿದರು. ಅವರಿಗೇನೂ ಅರ್ಥವಾಗಲಿಲ್ಲ. ನಂಜಪ್ಪ ದೂರದಿಂದಲೇ ಕೈಮುಗಿದ.

ಶಿವಮಲ್ಲುವಿನ ಬದಲು ದಾಳಿಗೆ ಕೆಂಪರಾಜು ನಿಂತ. ಅವನು ಯಾವಾಗಲೂ ಹಿಡಿಯುವವನೇ. ದಾಳಿ ಮಾಡಿ ಅಭ್ಯಾಸವಿಲ್ಲ. ಮೊದಲ ಸಲ ಹೋದಾಗ ಗೆರೆ ದಾಟುವ ಮುಂಚೆಯೇ ಕೈಮುಗಿದು ಹೋದ.

ಗುರುಗಳು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಬಲಕ್ಕೆ ಸಿದ್ಧವೀರಯ್ಯನವರು. ಎಡಕ್ಕೆ ನೆಲದ ಮೇಲೆ ಶಿವಮಲ್ಲು. ಶಿವಮಲ್ಲುವಿನ ಪಕ್ಕಕ್ಕೆ, ಅವನನ್ನು ಕರೆದಿದ್ದ ಟೀಮಿನ ಮ್ಯಾನೇಜರ್ ಜಗನ್ನಾಥ್ ಬಂದು ಕೂತರು. ಉತ್ತರ ಕೇಳಿಕೊಂಡು ಹೋಗಲೆಂದೇ ಬಂದಿದ್ದರು.

“ಆಡದೆ ಕೂತಿದ್ದು ಒಳ್ಳೇದಾಯ್ತು,” ಎಂದರು ಜಗನ್ನಾಥ್. “ನಿನಗೂ ಅಭ್ಯಾಸ ಆಗುತ್ತೆ.”

“ಏನಭ್ಯಾಸ ಸಾರ್?”

“ಕೂತ್ಕೊಳ್ಳೋದು. ನಮ್ಮಲ್ಲಿಗೆ ಬಂದ ತಕ್ಷಣ ಆಡಿಸೋಕಾಗುತ್ತಾ? ಮೊದಲನೇ ಸೀಸನ್ ಹೊರಗೇ ಇರಬೇಕಾಗುತ್ತೆ. ಎರಡನೇದೂ ಆಗಬಹುದು. ಹಿರಿಯರು ಇದ್ದಾರಲ್ಲ.”

ಶಿವಮಲ್ಲು ಅವರ ಕಡೆ ತಿರುಗಿದ. “ಈ ಮಾತು ಮೊದ್ಲು ಹೇಳ್ಲಿಲ್ಲ ನೀವು.”

“ನೀನು ಕೇಳಲಿಲ್ಲವಲ್ಲ,” ಎಂದರು ಜಗನ್ನಾಥ್. ಕೆಟ್ಟ ಮನುಷ್ಯರೇನಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಆಟ ಬಿರುಸಾಯಿತು.

ಶಿವಮಲ್ಲು ಹುಟ್ಟಿದಮೇಲೆ ಕಬಡ್ಡಿಯನ್ನು ಹೊರಗೆ ಕೂತು ನೋಡಿದವನಲ್ಲ. ಮೊದಲು ಅವನ ಕಾಲುಗಳು ಹೇಳಿದ ಮಾತು ಕೇಳಲಿಲ್ಲ. ಕೆಂಪರಾಜು ಎಡಕ್ಕೆ ಹೋದರೆ ಇವನ ಎಡಗಾಲು ಎಗರುತ್ತಿತ್ತು. ಎದುರಿನವರು ಕೆಂಪರಾಜುವನ್ನು ಹಿಡಿದರೆ ಇವನು ಉಸಿರು ಕಟ್ಟಿ ಜಗನ್ನಾಥ್ ಅವರ ತೋಳು ಹಿಡಿದುಕೊಳ್ಳುತ್ತಿದ್ದ. ನನ್ನ ಜಾಗ ಅದು, ಅಲ್ಲಿ ಬೇರೆ ಯಾರೋ ನಿಂತಿದ್ದಾರೆ ಎಂದು ಅಳು ಬಂತು.

ಗುರುಗಳು ಅವನ ಹೆಗಲ ಮೇಲೆ ಕೈ ಇಟ್ಟರು. “ಸಮಾಧಾನ ಮಗ. ಸಮಾಧಾನ,” ಎಂದರು.

ಆ ಹೊತ್ತಿಗೆ ಆಶ್ರಮದವರು ಒಂದೆರಡು ಅಂಕ ಮುಂದಿದ್ದರು.

ಎಷ್ಟೋ ಹೊತ್ತಿನ ಮೇಲೆ ಶಿವಮಲ್ಲುವಿನ ಕಾಲು ತಾನಾಗಿ ಸುಮ್ಮನಾಯಿತು. ಅವನು ನೋಡತೊಡಗಿದ. ಆಚೆದಡದವರ ಎಡಮೂಲೆಯಲ್ಲಿ ಒಬ್ಬ ಎತ್ತರದ ಹುಡುಗನಿದ್ದ. ಹೋದ ವರ್ಷ ಶಿವಮಲ್ಲುವನ್ನು ಮತ್ತೆ ಮತ್ತೆ ಹಿಡಿದವನು. ಹೇಗೆ ಹಿಡಿಯುತ್ತಾನೆ ಎಂದು ಆಗ ತಿಳಿದೇ ಇರಲಿಲ್ಲ. ಈಗ ಕಂಡಿತು. ನುಗ್ಗುವ ಮುಂಚೆ ಅವನು ಹಿಮ್ಮಡಿಯನ್ನು ಸ್ವಲ್ಪ ಎತ್ತುತ್ತಿದ್ದ. ಪ್ರತಿ ಸಲವೂ ಎತ್ತುತ್ತಿದ್ದ.

ವಿರಾಮದಲ್ಲಿ ಅವನು ಕೆಂಪರಾಜುವನ್ನು ಕರೆದ.

“ಆ ಮೂಲೆಯೋನ ಮುಖ ನೋಡ್ಬೇಡ. ಹಿಮ್ಮಡಿ ನೋಡು. ಎದ್ದ ತಕ್ಷಣ ವಾಪಸ್ ಬಂದ್ಬುಡು.”

“ಇದ್ನ ಮೊದ್ಲೇ ಹೇಳೋದಲ್ವಾ ನೀನು?”

“ನಂಗೇ ಈಗ ಕಾಣಿಸ್ತು ಕಣೋ.”

ಕೆಂಪರಾಜು ಹಿಮ್ಮಡಿ ನೋಡಿಕೊಂಡು ಹೋದ. ಮುಟ್ಟಿ ಬಂದ. ಮತ್ತೆ ಹೋದ, ಮತ್ತೆ ಬಂದ. ಈಚೆದಡದ ಜನ ಎದ್ದು ನಿಂತರು. ಆದರೆ ಆಚೆದಡದವರು ಹಳೆಯ ಹುಲಿಗಳು. ಕೊನೆಕೊನೆಗೆ ಮುಂದೆ ಹೋದರು.

ಈಗ ಗುರುಗಳ ಜಪಮಾಲೆ ನಿಂತಿತ್ತು. ಶಾಲು ಹೆಗಲಿನಿಂದ ಜಾರಿತ್ತು. ಸಿದ್ಧವೀರಯ್ಯನವರು ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿದ್ದರು. ಆದರೆ ತಮ್ಮವರು ಅಂಕ ಗಳಿಸಿದಾಗಲೆಲ್ಲ ಅವರ ತಲೆ ತಾನಾಗಿ ತೂಗುತ್ತಿತ್ತು.

ಗುರುಗಳು ಬಗ್ಗಿ ಶಿವಮಲ್ಲುವಿನ ಕಿವಿಯಲ್ಲಿ ಹೇಳಿದರು.

“ಇಳಿ.”

“ಏನ್ ಬುದ್ಧಿ?”

“ಇಳಿ ಅಂದೆ. ಟೈಮ್ ಇದೆ. ಒಂದೆರಡು ದಾಳಿ ಸಾಕು.”

ಶಿವಮಲ್ಲು ತಿರುಗಿ ನೋಡಿದ. ಗುರುಗಳ ಮೊಳಕಾಲು ಅಲುಗುತ್ತಿತ್ತು.

“ನೀವೇ ಆಡ್ಬೇಡ ಅಂದ್ರಲ್ಲ ಬುದ್ಧಿ.”

“ಆವತ್ತು ನಾವು ಸೋಲ್ತಿರ್ಲಿಲ್ಲ.”

ಶಿವಮಲ್ಲುವಿನ ಮೈಯೆಲ್ಲ ಏಳು ಏಳು ಎನ್ನುತ್ತಿತ್ತು. ಏಳಲು ಗುರುಗಳ ಅಪ್ಪಣೆಯೇ ಸಿಕ್ಕಿತ್ತು. ಅವನು ಎದ್ದರೆ ಗೆಲುವು ಸಾಧ್ಯ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಅಂಗೈಗಳನ್ನು ನೆಲಕ್ಕೆ ಊರಿದ.

ಆಮೇಲೆ ಕೆಂಪರಾಜುವನ್ನು ನೋಡಿದ. ಅವನು ಬೆವರು ಒರೆಸಿಕೊಂಡು ಗೆರೆಯ ಹತ್ತಿರ ಬಗ್ಗಿ ನಿಂತಿದ್ದ. ಈ ಸಲ ಕೈಮುಗಿಯಲಿಲ್ಲ.

ಶಿವಮಲ್ಲು ಅಂಗೈಗಳನ್ನು ಮಡಿಲಿಗೆ ಎಳೆದುಕೊಂಡ.

“ಬ್ಯಾಡ ಬುದ್ಧಿ,” ಎಂದ. “ಕೂತಿರಾನ.”

ಗುರುಗಳು ಶಾಲನ್ನು ಮತ್ತೆ ಹೆಗಲ ಮೇಲೆ ಎಳೆದುಕೊಂಡರು. ಇಬ್ಬರೂ ಕೂತರು.

ಆಶ್ರಮ ಒಂದು ಅಂಕದಿಂದ ಸೋತಿತು.

ಸಿದ್ಧವೀರಯ್ಯನವರು ಕಪ್ ಹಿಡಿದುಕೊಂಡು ಬಂದರು. ಗೆದ್ದವರು ಬಿಗುಮಾನದಿಂದ ಇರಬೇಕೆಂದು ಬಹಳ ಕಷ್ಟಪಟ್ಟು ನಗು ತಡೆದಿದ್ದರು.

“ಚೆನ್ನಾಗಿ ಆಡಿದ್ರು ನಿಮ್ಮ ಹುಡುಗ್ರು,” ಎಂದರು ಮರುಳಯ್ಯನವರು.

“ಆ ಹುಡುಗ ಇಳಿದಿದ್ರೆ ಏನಾಗ್ತಿತ್ತೋ, ಮರುಳಯ್ಯ.”

“ಗೆಲ್ತಿದ್ವಿ. ಆಸೆಯೆಲ್ಲ ಬಿಟ್ಟವನು ನಾನು ಅಂತ ಇನ್ನೂ ಒಂದಷ್ಟು ಕಾಲ ತಿಳ್ಕೊಂಡಿರ್ತಿದ್ದೆ.”

ಸಿದ್ಧವೀರಯ್ಯನವರ ನಗು ಅಲ್ಲೇ ನಿಂತಿತು. ಕೈಯಲ್ಲಿದ್ದ ಕಪ್ಪನ್ನು ಒಮ್ಮೆ ನೋಡಿಕೊಂಡರು. ಆದರೂ ವಾಪಸು ಕೊಡಲಿಲ್ಲ. ಬಿಗಿಯಾಗಿ ಹಿಡಿದುಕೊಂಡೇ ಹರಿಗೋಲು ಹತ್ತಿದರು.

ಜಗನ್ನಾಥ್ ಶಿವಮಲ್ಲುವಿನ ಹತ್ತಿರ ಬಂದರು. “ಏನು ತೀರ್ಮಾನ ಮಾಡ್ದೆ?”

“ನಾಳೆ ಬೆಳಿಗ್ಗೆ ಹೇಳ್ತೀನಿ ಸಾರ್.”

“ಬೆಳಿಗ್ಗೆ ಅಂದ್ರೆ ಬೆಳಿಗ್ಗೆ. ಮಧ್ಯಾಹ್ನ ನಾನು ಹೊರಡ್ಬೇಕು.”

ಬೆಳಿಗ್ಗೆ ಗುರುಗಳು ಹೊಳೆಯಲ್ಲಿ ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದರು. ಶಿವಮಲ್ಲು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

“ಹೋಗ್ತೀನಿ ಬುದ್ಧಿ.”

“ಬೆಳಿಗ್ಗೆ ಅಲ್ವಾ. ಹಾಗೇ ಅನ್ಸುತ್ತೆ.”

“ರಾತ್ರಿನೂ ಹಂಗೇ ಅನ್ನಿಸ್ತು.”

ಗುರುಗಳು ಅವನ ಕಡೆ ತಿರುಗಿದರು. “ಅಲ್ಲಿ ಆಡಿಸೋದಿಲ್ಲ ಅಂದ್ರಲ್ಲ ಆ ಮನುಷ್ಯ. ಕೂರಿಸ್ತಾರಂತೆ.”

“ಅದ್ಕೇ ಹೋಗ್ತೀನಿ. ಬುದ್ಧಿ, ನಿಮ್ಮ ಹತ್ರ ನಿಜ ಹೇಳ್ತೀನಿ. ಇಷ್ಟ್ ದಿನ ನಂಗೆ ಇದ್ದಿದ್ದು ಭಯ. ಇಲ್ಲಿ ನಾನು ಇಳಿದ್ರೆ ಜನ ಎದ್ದು ನಿಲ್ತಾರೆ. ಅಲ್ಲಿ ನನ್ನ ಯಾರೂ ನೋಡ್ದೇ ಹೋದ್ರೆ ಅಂತ ಭಯ. ನೀವು ಹೋಗು ಅಂದಿದ್ರೆ, ಸೋತಾಗ ಬುದ್ಧಿಯೋರು ಕಳಿಸಿದ್ರು ಅಂತಿದ್ದೆ. ಇರು ಅಂದಿದ್ರೆ, ಬುದ್ಧಿಯೋರು ತಡೆದ್ರು ಅಂತಿದ್ದೆ.”

“ಈಗ?”

“ನಿನ್ನೆ ಯಾರೂ ನನ್ನ ನೋಡ್ಲಿಲ್ಲ. ಮೊದ್ಲು ಸತ್ತೇ ಹೋಗ್ತೀನಿ ಅನ್ನಿಸ್ತು. ಸಾಯ್ಲಿಲ್ಲ. ಆಮೇಲೆ ಆಟ ಕಾಣಿಸ್ತು. ನಾನು ಆಡ್ವಾಗ ನಾನೊಬ್ನೇ ಕಾಣಿಸ್ತಿದ್ದೆ ಬುದ್ಧಿ.”

ಗುರುಗಳು ಒದ್ದೆ ಶಾಲನ್ನು ಹಿಂಡಿದರು.

“ಓದು?”

“ಹೊರಗಿಂದ ಪರೀಕ್ಷೆ ಕಟ್ತೀನಿ.”

“ಸುಳ್ಳು ಹೇಳ್ಬೇಡ.”

ಶಿವಮಲ್ಲು ತಲೆ ಕೆರೆದುಕೊಂಡ. “ಕಟ್ಟಿದ್ರೂ ಕಟ್ಟಬೋದು, ಇಲ್ದಿದ್ರೂ ಇಲ್ಲ.”

“ಇದು ನಿಜ.”

“ನನ್ನ ತೀರ್ಮಾನ ಸರಿಯಾ ಬುದ್ಧಿ?”

“ಅದನ್ನ ಹೇಳೋ ಯೋಗ್ಯತೆ ಬರ್ಲಿ ಅಂತ ನಿನ್ನ ಕೂರಿಸಿದೆ. ಕೊನೇ ಗಳಿಗೇಲಿ ಆ ಯೋಗ್ಯತೇನೂ ಕಳ್ಕೊಂಡೆ. ಈಗ ನೀನೇ ಹೇಳ್ಬೇಕು.”

ಶಿವಮಲ್ಲು ನಕ್ಕ. ಗುರುಗಳೂ ನಕ್ಕರು. ನಂಜಪ್ಪ ಮೇಲಿನ ಮೆಟ್ಟಿಲಿನಲ್ಲಿ ನಿಂತು ಈ ನಗುವಿಗೆ ಏನರ್ಥ ಎಂದು ಯೋಚಿಸುತ್ತಿದ್ದ.

ಮಧ್ಯಾಹ್ನ ಆಶ್ರಮದ ಬಾಗಿಲಲ್ಲಿ ಕಾರು ನಿಂತಿತು. ಅವ್ವ ಊರಿನಿಂದ ಬಂದಿದ್ದಳು. ಮಗನ ಬ್ಯಾಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸೆರಗು ಸರಿಮಾಡಿಕೊಂಡು ಗುರುಗಳ ಕಾಲಿಗೆ ಬಿದ್ದಳು.

“ನೀವು ಹೇಳಿದ್ಮೇಲೆ ಸರಿಯಾಗೇ ಇರ್ತದೆ ಬುದ್ಧಿ,” ಎಂದಳು.

“ನಾನೇನೂ ಹೇಳಿಲ್ಲ ಕಣವ್ವ.”

“ಅದೂ ನಿಮ್ಮ ದೊಡ್ಡತನ,” ಎಂದಳು ಅವ್ವ. ನಂಜಪ್ಪ ಹೌದೆಂದು ತಲೆಯಾಡಿಸಿದ.

ಶಿವಮಲ್ಲು ಕಾರಿನ ಬಾಗಿಲು ತೆಗೆದವನು ಮತ್ತೆ ಮುಚ್ಚಿ ಹಿಂದಿರುಗಿ ಬಂದ.

“ಬುದ್ಧಿ, ಅಲ್ಲಿ ನನ್ನ ಕೈಲಿ ಆಗ್ದೆ, ಸೋತು ವಾಪಸ್ ಬಂದ್ರೆ?”

“ಪಂಕ್ತೀಲಿ ಕೂತ್ಕೋ. ಊಟ ಹಾಕ್ತಾರೆ.”

“ಗೆದ್ದು, ದೊಡ್ಡ ಹೆಸರು ಮಾಡ್ಕೊಂಡು ಬಂದ್ರೆ?”

“ಅದೇ ಅನ್ನ, ಅದೇ ಸಾರು,” ಎಂದರು ಗುರುಗಳು.